ಅತ್ತೆಯ ಬೆನ್ನು, ನನ್ನ ಬಲಗಾಲು

ಸ್ಟೇಶನ್ ಬಜಾರದಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಮಾರುವ ಒಂದು ಹೊಟೇಲಿನ ಮಹಡಿಯ ಮೇಲೆ ಮನುಷ್ಯನ ಬೆನ್ನೆಲುಬೊಂದನ್ನು ಮೊಳೆಗೆ ತೂಗುಹಾಕಿದ್ದಾರೆ. ಗಾಬರಿ ಬೇಡ, ಪ್ಲಾಸ್ಟಿಕ್ಕಿನದು. ಕತ್ತಿನಿಂದ ಹಿಡಿದು ಬಾಲದ ತುದಿಯವರೆಗೆ ಮಣಿಗಳೆಲ್ಲ ಸಾಲಾಗಿವೆ; ಸಂದಿಸಂದಿಯಿಂದ ಹಳದಿ ಬಣ್ಣದ ನರಗಳು ಇಣುಕುತ್ತವೆ. ಫ್ಯಾನು ತಿರುಗಿದಾಗ ಮೆಲ್ಲಗೆ ಓಲಾಡುತ್ತದೆ. ಯಾರೋ ಪುಣ್ಯಾತ್ಮರು ಅದರ ತುದಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದಾರೆ. ಒಳಗೆ ಹೋಗುವ ಮುಂಚೆ ಕೆಲವು ರೋಗಿಗಳು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಿದ್ದೇನೆ. ನಾನೂ ಒಮ್ಮೆ ಮುಟ್ಟಿದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಟ್ಟಿದ್ದು; ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ತರನ ಮರ್ಯಾದೆಯ ಪ್ರಶ್ನೆ ನೋಡಿ.

ಅದು ಕೈರೋಪ್ರಾಕ್ಟಿಕ್ ಚಿಕಿತ್ಸಾಲಯ. ಬೋರ್ಡಿನ ಮೇಲಿನ ಆ ಹೆಸರು ನಮ್ಮ ಕಲಬುರಗಿಯ ಆಟೋದವರ ನಾಲಿಗೆಗೆ ಒಗ್ಗಿಲ್ಲ. "ಟಕ್ ಟಕ್ ಡಾಕ್ಟರ್" ಅಂದರೆ ಸಾಕು, ಮೆಟ್ಟಿಲಿನ ಬುಡಕ್ಕೇ ತಂದು ಇಳಿಸುತ್ತಾರೆ. ಡಾಕ್ಟರ ಹೆಸರು ಇರ್ಫಾನ್. ಮೋಮಿನಪುರದ ಹುಡುಗ, ದೂರದ ದೇಶವೊಂದಕ್ಕೆ ಹೋಗಿ ಈ ವಿದ್ಯೆ ಕಲಿತು, ಅಲ್ಲಿಯ ಚಳಿ ತಾಳಲಾರದೆ ನಮ್ಮ ಬಿಸಿಲಿಗೆ ವಾಪಸು ಬಂದವನು. ಬೆನ್ನು, ಕತ್ತು ಹಿಡಿದವರನ್ನು ಮೇಜಿನ ಮೇಲೆ ಮಲಗಿಸಿ, ಯಾವುದೋ ಮಣಿಯ ಮೇಲೆ ಅಂಗೈ ಇಟ್ಟು, "ಉಸಿರು ಬಿಡ್ರಿ" ಎಂದು ಹೇಳಿ, ನಾವು ಬಿಡುವುದರೊಳಗೆ ಒಮ್ಮೆ ಒತ್ತಿಬಿಡುತ್ತಾನೆ. ಟಕ್ ಎನ್ನುತ್ತದೆ. ಆ ಸದ್ದಿಗಾಗಿಯೇ ಜನ ಬರುತ್ತಾರೆ ಎಂದು ನನ್ನ ಗುಮಾನಿ.

ನಾನು ಹೋದದ್ದು ಒಂದು ಸೀಮೆಸುಣ್ಣದ ತುಂಡಿನಿಂದ. ಒಂಬತ್ತನೇ ಕ್ಲಾಸಿನಲ್ಲಿ ಸನ್ನೆಗಳ ಪಾಠ ಮಾಡುತ್ತ, ಎಷ್ಟು ಸಣ್ಣ ಬಲದಿಂದ ಎಷ್ಟು ದೊಡ್ಡ ಭಾರ ಎತ್ತಬಹುದು ಎಂದು ಹೇಳುತ್ತ, ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದೆ. ಬಗ್ಗಿದವನು ಏಳಲಿಲ್ಲ. ಮಕ್ಕಳು ನಾನು ಏನೋ ಹುಡುಕುತ್ತಿದ್ದೇನೆಂದು ತಾವೂ ಬೆಂಚಿನ ಕೆಳಗೆ ಬಗ್ಗಿ ಹುಡುಕತೊಡಗಿದರು. ಕೊನೆಗೆ ಅದೇ ಭಂಗಿಯಲ್ಲಿ ಆಟೋ ಹತ್ತಿ ಮನೆಗೆ ಬಂದೆ. ಬಾಗಿಲು ತೆರೆದ ಹೆಂಡತಿ ಮಹಾದೇವಿ ನನ್ನನ್ನು ನೋಡಿ, ಇಷ್ಟು ವಿನಯ ಎಲ್ಲಿಂದ ಬಂತು ಎಂದು ಕೇಳಿದಳು.

ಬೆನ್ನು ಹಿಡಿಯುವುದು ದೊಡ್ಡ ಸುದ್ದಿಯಲ್ಲ, ಯಾರಿಗೆ ಬೇಕಾದರೂ ಹಿಡಿಯುತ್ತದೆ. ನನಗೆ ಹಿಡಿದದ್ದು ಮಾತ್ರ ನಾಚಿಕೆಗೇಡು. ಅದು ಯಾಕೆಂದು ಹೇಳಬೇಕಾದರೆ ನಾನು ಹುಟ್ಟಿದ ಸಂಗತಿಗೇ ಹೋಗಬೇಕು.

ನಾನು ಕಾಲು ಮುಂದಾಗಿ ಹುಟ್ಟಿದವನು. ಎಲ್ಲರೂ ಮರ್ಯಾದೆಯಿಂದ ತಲೆ ಮುಂದೆ ಮಾಡಿ ಬಂದರೆ ನಾನು ಬಲಗಾಲು ಚಾಚಿ ಬಂದೆನಂತೆ. ನಾನೇನೂ ನೋಡಿದ್ದಲ್ಲ, ನಮ್ಮವ್ವ ಹೇಳಿದ್ದು. ಹಾಗೆ ಹುಟ್ಟಿದವರು ಬೆನ್ನು ಹಿಡಿದವರಿಗೆ ಒದ್ದರೆ ನೋವು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಿಮ್ಮ ಕಡೆಯೂ ಇದ್ದೀತು, ನೆನಪು ಮಾಡಿಕೊಳ್ಳಿ. ನಾವು ಆಗ ಕೋಟೆಯ ಹತ್ತಿರ ಇದ್ದೆವು. ರವಿವಾರ ಬೆಳಗಾದರೆ ನಮ್ಮ ಹೊಸ್ತಿಲ ಮುಂದೆ ನಾಲ್ಕಾರು ಜನ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಿದ್ದರು. ಅವ್ವ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ, ಕಣ್ಣು ತಿಕ್ಕಿಕೊಳ್ಳುವುದಕ್ಕೂ ಬಿಡದೆ ಕರೆತರುತ್ತಿದ್ದಳು. ಬರೀ ಹೊಟ್ಟೆಯಲ್ಲಿ ಒದೆಯಬೇಕು. ರೋಗಿ ಗೋಡೆಗೆ ಕೈ ಕೊಟ್ಟು ಬಗ್ಗಿ ನಿಲ್ಲಬೇಕು. ನಾನು ಹಿಂದಿನಿಂದ ಬಂದು ಮೂರು ಸಲ ಒದ್ದು, ಹಿಂತಿರುಗಿ ನೋಡದೆ ಒಳಗೆ ಹೋಗಬೇಕು. ಹೀಗಾಗಿ ನೂರಾರು ಬೆನ್ನುಗಳನ್ನು ನೋಡಿದೆನೇ ಹೊರತು, ಅವು ಆಮೇಲೆ ನೆಟ್ಟಗಾದವೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಮೋಮಿನಪುರದ ಬೇಕರಿಯ ಚಾಂದಸಾಬ ನಮ್ಮ ಖಾಯಂ ಗಿರಾಕಿ. ಹಿಟ್ಟು ನಾದಿ ನಾದಿ ಅವನ ನಡ ಆಗಾಗ ಹಿಡಿಯುತ್ತಿತ್ತು. ಒದೆಸಿಕೊಂಡ ಮೇಲೆ ಮುಟ್ಟಿದರೆ ಬಿಸಿ ತಾಗುವ ಬನ್ನು ಕೊಟ್ಟು ಹೋಗುತ್ತಿದ್ದ. ಬನ್ನಿನ ಆಸೆಗೆ ನಾನು ಅವನಿಗೆ ಮಾತ್ರ ಒಂದು ಒದೆ ಹೆಚ್ಚಿಗೆ ಒದೆಯುತ್ತಿದ್ದೆ. ನೆಟ್ಟಗೆ ತಲೆ ಮುಂದಾಗಿ ಹುಟ್ಟಿದ ನಮ್ಮಣ್ಣನಿಗೆ ಈ ಬನ್ನು ನೋಡಿ ಹೊಟ್ಟೆಯುರಿ. ಅವ್ವ ನನ್ನ ಬಲಗಾಲಿಗೆ ಪ್ರತಿ ವಾರ ಎಣ್ಣೆ ಹಚ್ಚುತ್ತಿದ್ದಳು, ಅಣ್ಣನ ಕಾಲಿಗಿಲ್ಲ. ನಾನು ಗಣಿತದಲ್ಲಿ ನಪಾಸಾದಾಗಲೂ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ತಲಿ ಇಲ್ಲಂದ್ರ ಇಲ್ಲ, ಕಾಲರೆ ಚಲೋ ಅದ" ಅಂದಳು.

ಮುಂದೆ ನಾನು ಮಾಸ್ತರನಾದೆ. ಹಗಲೆಲ್ಲ ಮಕ್ಕಳಿಗೆ ಕಾರಣವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಹೇಳುವುದು, ರವಿವಾರ ನಸುಕಿಗೆ ಎದ್ದು ಒದೆಯುವುದು ಒಟ್ಟಿಗೇ ನಡೆಯಿತು. ಹೇಗೋ ಸುದ್ದಿ ಸ್ಕೂಲಿಗೂ ಮುಟ್ಟಿತು. ಒಂದು ದಿನ ನಮ್ಮ ಹೆಡ್‌ಮಾಸ್ತರರಿಗೆ ಬೆನ್ನು ಹಿಡಿಯಿತು. ಅವರು ಬಹಳ ಕಡಕ್ ಮನುಷ್ಯ. ರಜೆ ಕೇಳಲು ಹೋದವರನ್ನು ಅಳಿಸಿ ಕಳಿಸುತ್ತಿದ್ದರು. ಅಂಥವರು ಸ್ಟಾಫ್ ರೂಮಿಗೆ ಬಂದು, ಬಾಗಿಲು ಮುಂದೆ ಮಾಡಿ, ಗೋಡೆಗೆ ಕೈ ಕೊಟ್ಟು ನಿಂತರು. ಸಹೋದ್ಯೋಗಿಗಳು ಯಾರೂ ಹೊರಗೆ ಹೋಗಲಿಲ್ಲ. ಆ ತಿಂಗಳು ರಜೆ ಸಿಗದ ಕನ್ನಡ ಮಾಸ್ತರರು ನನ್ನ ಕಿವಿಯಲ್ಲಿ, ತಮ್ಮ ಲೆಕ್ಕದ್ದೂ ಒಂದು ಸೇರಿಸಿ ಹಾಕಬೇಕೆಂದು ವಿನಂತಿ ಮಾಡಿದರು. ಡ್ರಾಯಿಂಗ್ ಮಾಸ್ತರರು ಇಂಥದೇ ವಿನಂತಿಯನ್ನು ಬರೀ ಕಣ್ಣಿನಲ್ಲಿ ಮಾಡಿದರು. ನಾನು ಎಷ್ಟು ಹಾಕಿದೆನೋ ನೆನಪಿಲ್ಲ, ಹೆಡ್‌ಮಾಸ್ತರರು ಮಾತ್ರ ಮೂರು ಮುಗಿಯಲಿಲ್ಲವೇ ಎಂದು ಗೋಡೆಗೆ ಮುಖ ಮಾಡಿಯೇ ಕೇಳಿದರು.

ನನ್ನ ಮದುವೆಯಾದದ್ದೂ ಈ ಕಾಲಿನಿಂದಲೇ. ಹೆಣ್ಣು ನೋಡಲು ಕಮಲಾಪುರಕ್ಕೆ ಹೋಗಿದ್ದೆವು. ಮಾವನವರದು ತೊಗರಿ ವ್ಯಾಪಾರ. ವಯಸ್ಸಿನಲ್ಲಿದ್ದಾಗ ತಾವೇ ಚೀಲ ಹೊತ್ತು ಲಾರಿಗೆ ಏರಿಸಿದವರು, ಆಗಲೇ ಬೆನ್ನು ಅರ್ಧ ಕೈಕೊಟ್ಟಿತ್ತು. ಹುಡುಗನ ನೌಕರಿ ಏನು, ಹೊಲ ಎಷ್ಟು ಎಂದು ಅವರು ಕೇಳಲಿಲ್ಲ. ಚಹಾ ಕುಡಿಯುವವರೆಗೂ ನನ್ನ ಪಾದವನ್ನೇ ನೋಡುತ್ತಿದ್ದರು. ಯಾವ ಕಾಲು ಮುಂದೆ ಬಂದದ್ದು ಎಂದು ನಮ್ಮವ್ವನನ್ನು ಕೇಳಿ, ಬಲ ಎಂದು ತಿಳಿದ ಮೇಲೆ ಮಾತು ಪಕ್ಕಾ ಮಾಡಿದರು. ಪಕ್ಕದೂರಿನ ಒಬ್ಬ ಎಂಜಿನಿಯರನ ಸಂಬಂಧವನ್ನು ನನ್ನ ಸಲುವಾಗಿ ಬಿಟ್ಟರೆಂದು ಮಹಾದೇವಿ ಈಗಲೂ ವರ್ಷಕ್ಕೊಮ್ಮೆ ನೆನಪು ಮಾಡುತ್ತಾಳೆ. ಆ ಎಂಜಿನಿಯರ ತಲೆ ಮುಂದಾಗಿ ಹುಟ್ಟಿದ್ದನಂತೆ ಪಾಪ.

ಇಲ್ಲೇ ನೋಡಿ ಒಂದು ಎಡವಟ್ಟಾಯಿತು. ಮದುವೆಯ ದಿನ ಹಂದರದಲ್ಲಿ ಅತ್ತೆ ಮಾವ ಇಬ್ಬರೂ ಕೂತು, ಪದ್ಧತಿಯಂತೆ ನನ್ನ ಕಾಲು ತೊಳೆದು ಅರಿಸಿನ ಕುಂಕುಮ ಹಚ್ಚಿದರು. ಅದು ಮುಗಿದ ಮೇಲೆ ಯಾರೋ ಹಿರಿಯರಿಗೆ ಹೊಳೆಯಿತು: ತೊಳೆದು ಪೂಜೆ ಮಾಡಿದ ಅಳಿಯನ ಕಾಲಿನಿಂದ ಒದೆಸಿಕೊಳ್ಳುವುದು ಹೇಗೆ? ಊರವರು ನೋಡಿದರೆ ಅಳಿಯ ಅತ್ತೆ ಮಾವನನ್ನು ಒದೆಯುತ್ತಾನೆ ಅನ್ನುವುದಿಲ್ಲವೇ? ಇಷ್ಟು ಸರಳ ವಿಚಾರ ಸಂಬಂಧ ಕುದುರಿಸುವಾಗ ಆ ಮನೆಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಹೀಗೆ ಯಾವ ಮನೆಯ ಬೆನ್ನಿಗಾಗಿ ನನ್ನನ್ನು ಆರಿಸಿ ತಂದರೋ ಆ ಮನೆಯ ಬೆನ್ನುಗಳಿಗೇ ನಾನು ಉಪಯೋಗವಿಲ್ಲದವನಾದೆ.

ಮಾವನವರು ಜಾಣರು, ಪೂರಾ ನಷ್ಟ ಮಾಡಿಕೊಳ್ಳಲಿಲ್ಲ. ನಾನು ಕಮಲಾಪುರಕ್ಕೆ ಹೋದಾಗಲೆಲ್ಲ ಓಣಿಯವರನ್ನು ಕರೆತಂದು "ನಮ್ಮ ಅಳಿಯಂದಿರು" ಎಂದು ಹೆಮ್ಮೆಯಿಂದ ಹೇಳಿ ಒದೆಸಿ ಕಳಿಸುತ್ತಿದ್ದರು. ತಾವು ಮಾತ್ರ ಬೆನ್ನಿಗೆ ಬಿಸಿ ಇಟ್ಟಿಗೆಯ ಕಾವು ಕೊಟ್ಟುಕೊಳ್ಳುತ್ತ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರು ತೀರಿಹೋಗಿ ಬಹಳ ವರ್ಷವಾಯಿತು. ಒಮ್ಮೆಯೂ ಕೇಳಲಿಲ್ಲ. ಅತ್ತೆಯಂತೂ ಮದುವೆಯ ದಿನ ಬಿಟ್ಟರೆ ನನ್ನೆದುರು ಕೂತದ್ದೂ ಇಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಬಾಗಿಲ ಮರೆಯಲ್ಲಿ ನಿಲ್ಲುವುದು, ಹೇಳುವುದಿದ್ದರೆ ಮಗಳಿಗೆ ಹೇಳುವುದು, ಹೊರಡುವಾಗ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಚೀಲದಲ್ಲಿ ಇಡಿಸುವುದು. ಕಮಲಾಪುರದ ಆ ಹಣ್ಣಿನ ರುಚಿ ನಿಮಗೆ ಗೊತ್ತಿರಬೇಕು. ನನ್ನ ಮಟ್ಟಿಗೆ ಅತ್ತೆ ಅಂದರೆ ಆ ಹಣ್ಣು ಮತ್ತು ಒಂದು ಸೆರಗಿನ ಅಂಚು, ಅಷ್ಟೇ.

ಹೀಗೆ ಊರಿನ ಬೆನ್ನು ಒದ್ದ ನಾನು ಈಗ ಇರ್ಫಾನನ ಮೇಜಿನ ಮೇಲೆ ಬೋರಲು ಬಿದ್ದಿದ್ದೆ. ನನ್ನ ಬೆನ್ನಿಗೆ ನನ್ನ ಕಾಲು ನಿಲುಕುವುದಿಲ್ಲ. ಬೇರೆ ಯಾರನ್ನಾದರೂ ಹುಡುಕೋಣವೆಂದರೆ ನಮ್ಮ ಕುಲವೇ ನಶಿಸುತ್ತಿದೆ. ಈಗಿನ ಮಕ್ಕಳನ್ನು ಆಪರೇಶನ್ ಮಾಡಿ ತೆಗೆಯುತ್ತಾರೆ. ತಲೆ ಮೊದಲು ಬಂತೋ ಕಾಲು ಮೊದಲು ಬಂತೋ ಯಾರು ನೋಡಿರುತ್ತಾರೆ? ಇನ್ನೊಂದು ತಲೆಮಾರಿಗೆ ಕಲಬುರಗಿಯಲ್ಲಿ ಅಧಿಕೃತವಾಗಿ ಒದೆಯುವವರು ಒಬ್ಬರೂ ಸಿಗಲಿಕ್ಕಿಲ್ಲ.

ಇರ್ಫಾನ್ ಟಕ್ ಅನ್ನಿಸಿದ. ನಿಜ ಹೇಳುತ್ತೇನೆ, ಹಾಯೆನಿಸಿತು. ಆದರೆ ವೃತ್ತಿ ಮತ್ಸರ ಎಂಬುದೊಂದಿದೆಯಲ್ಲ, ನಾನು ಪ್ರಶ್ನೆ ಕೇಳತೊಡಗಿದೆ. ಆ ಸದ್ದು ಎಂಥದು, ಸರಿದ ಮೂಳೆ ಮನೆಗೆ ಹೋಗಿ ಕೂತ ಸದ್ದೇ ಎಂದೆ. ಕೀಲಿನೊಳಗಿನ ನೀರಿನಲ್ಲಿ ಗಾಳಿಯ ಗುಳ್ಳೆ ಆದಾಗ ಬರುವ ಸದ್ದು, ಸೋಡಾ ಬಾಟಲಿಯ ಬೂಚು ತೆಗೆದಂತೆ ಅಂದ. ಸದ್ದು ಬಂದರೂ ಗುಣ ಇಲ್ಲದಿರಬಹುದು, ಸದ್ದಿಲ್ಲದೆಯೂ ಗುಣವಾಗಬಹುದು ಎಂದೂ ಹೇಳಿದ. ನನಗೆ ನಿರಾಶೆಯಾಯಿತು. ಬೂಚಿನ ಸದ್ದಿಗೆ ಇಷ್ಟು ದೂರ ಬಂದೆನೇ!

ಹಾಗಾದರೆ ನಿಮ್ಮ ವಿದ್ಯೆಯ ತತ್ತ್ವ ಏನು ಎಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಹೇಳಿದ. ಈ ವಿದ್ಯೆ ಹುಟ್ಟುಹಾಕಿದವರು, ದೇಹದೊಳಗೇ ಒಂದು ಸಹಜ ಬುದ್ಧಿ ಇದೆ ಎಂದು ನಂಬಿದ್ದರಂತೆ. ಅದು ತಲೆಯಿಂದ ಇಳಿದು ಬೆನ್ನಿನ ಹಾದಿಯಲ್ಲಿ ಮೈತುಂಬ ಹರಿಯುತ್ತದೆ. ಎಲ್ಲೋ ಒಂದು ಮಣಿ ಸರಿದರೆ ಹರಿವು ತಡೆಯುತ್ತದೆ, ರೋಗವೆಲ್ಲ ಅಲ್ಲಿಂದಲೇ. ಮಣಿ ಸರಿಮಾಡಿದರೆ ಬುದ್ಧಿ ಮತ್ತೆ ಹರಿದು ದೇಹ ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ. ನಾನು ನಮ್ಮ ಹೆಡ್‌ಮಾಸ್ತರರನ್ನು ನೆನೆದು, ಬುದ್ಧಿ ಹರಿಯದೆ ನಿಂತವರನ್ನು ಕಂಡಿದ್ದೇನೆ, ಒದ್ದೂ ನೋಡಿದ್ದೇನೆ, ಹರಿಯಲಿಲ್ಲ ಅಂದೆ. ಇದನ್ನೆಲ್ಲ ನೀನು ನಂಬುತ್ತೀಯಾ ಎಂದೂ ಕೇಳಿದೆ.

"ಅರ್ಧ ನಂಬತೀನ್ರಿ ಸರ್," ಅಂದ ಇರ್ಫಾನ್. "ಮೈ ತಂತಾನೇ ಮಾಯ್ತದ ಅನ್ನೋದು ಖರೆ. ಎಲ್ಲಾ ರೋಗದ ಬೇರು ಬೆನ್ನಾಗ ಅದ ಅನ್ನೋದು ನಾ ನಂಬಂಗಿಲ್ಲ."

ಆದರೆ ಬರುವವರು ಪೂರ್ತಿ ನಂಬಿ ಬರುತ್ತಾರಲ್ಲ ಎಂಬುದೇ ಅವನ ತಕಲೀಫು. ಒಬ್ಬರು ಸಕ್ಕರೆ ಕಾಯಿಲೆಗೆ ಯಾವ ಮಣಿ ಎಂದು ಕೇಳಿದರಂತೆ. ಇನ್ನೊಬ್ಬ ತಾಯಿ ಮಗನನ್ನು ಕರೆತಂದು, ಪಿಯುಸಿ ಪಾಸಾಗುವ ನರವನ್ನು ಜರಾ ಒತ್ತಬೇಕೆಂದಳಂತೆ. ಇವನು ಒಲ್ಲೆನೆಂದರೆ, ಡಾಕ್ಟರಿಗೆ ಪೂರಾ ವಿದ್ಯೆ ಬಂದಿಲ್ಲವೆಂದು ಕೆಳಗಿನ ಹೊಟೇಲಿನಲ್ಲಿ ಮಾತಾಡಿಕೊಳ್ಳುತ್ತಾರಂತೆ. ಕೇಳಿ ನನಗೆ ಅವನ ಮೇಲೆ ಬಂಧುಭಾವ ಹುಟ್ಟಿತು. ನನ್ನ ಕಾಲಿನ ಕಥೆ ಹೇಳಿದೆ. ಅವನು ನಗಲಿಲ್ಲ. ಎಷ್ಟು ಮಂದಿಗೆ ಆರಾಮಾಗಿದೆ ಎಂದು ಕೇಳಿದ. ಹಿಂತಿರುಗಿ ನೋಡುವಂತಿಲ್ಲ, ಅದಕ್ಕೇ ಗೊತ್ತಿಲ್ಲ ಅಂದೆ. ಈಗ ನಕ್ಕ. ತನ್ನಲ್ಲೂ ಆರಾಮಾಗದವರು ತಿರುಗಿ ಬರುವುದಿಲ್ಲ, ಬೇರೆ ಕಡೆ ಹೋಗುತ್ತಾರೆ. ಇಬ್ಬರದೂ ಒಂದೇ ಪದ್ಧತಿ ಆಯಿತು ಅಂದ.

ಇದಾಗಿ ಸ್ವಲ್ಪ ದಿನಕ್ಕೆ ಕಮಲಾಪುರದಿಂದ ಫೋನು ಬಂತು. ಮಹಾದೇವಿಯ ಅಣ್ಣ ಬಸವರಾಜ ಅಲ್ಲಿ ಬಾಳೆ ತೋಟ ಮಾಡಿದ್ದಾನೆ. ಅತ್ತೆ ಅವನ ಜೊತೆಗಿದ್ದಾರೆ. ಎಪ್ಪತ್ತು ದಾಟಿದ ಅತ್ತೆ ಯಾರೂ ಹೇಳದೆ ಒಂದು ಗೊನೆ ಎತ್ತಿ ಒಳಗೆ ಇಡಲು ಹೋಗಿದ್ದಾರೆ, ನಡ ಹಿಡಿದಿದೆ, ಹಾಸಿಗೆ ಬಿಟ್ಟು ಎದ್ದಿಲ್ಲ. ಕಲಬುರಗಿಯ ದವಾಖಾನೆಗೆ ಹೋಗೋಣವೆಂದರೆ ಒಲ್ಲೆ ಅನ್ನುತ್ತಾರೆ. ಅಲ್ಲಿಗೆ ಹೋದರೆ ಕೊಯ್ಯುತ್ತಾರೆ ಎಂಬ ಹೆದರಿಕೆ. ಮಹಾದೇವಿ ಫೋನಿನಲ್ಲಿಯೇ ತಾಯಿಗೆ ಬೈದಳು. ಅವಳಿಗೆ ಹೆದರಿಕೆಯಾದರೆ ಬೈಯುತ್ತಾಳೆ, ಅದು ಆ ಮನೆತನದ ಗುಣ. ಬೈದು ಮುಗಿಸಿ ನನ್ನ ಹತ್ತಿರ ಬಂದು, ಏನೋ ಹೇಳಲು ಹೋಗಿ, ಮೊಸರಿನ ಪಾತ್ರೆ ಫ್ರಿಜ್ಜಿನಲ್ಲಿಟ್ಟು, ಮತ್ತೆ ಹೊರಗೆ ತೆಗೆದು, ಕೊನೆಗೆ ಹೇಳಿದಳು.

"ಅವ್ವ ನಿಮ್ಮ ಕಾಲು ಕೇಳ್ಯಾಳ."

ಮಾವನವರು ಸಾಯುವವರೆಗೂ ಕೇಳದಿದ್ದುದನ್ನು ಅತ್ತೆ ಕೇಳಿದ್ದಾರೆಂದರೆ ಆ ನೋವು ಎಂಥದಿರಬೇಕು? ಹೆಮ್ಮೆ ಆಯಿತೆಂದು ಸುಳ್ಳು ಹೇಳುವುದಿಲ್ಲ. ಹೆದರಿಕೆ ಆಯಿತು. ಇರ್ಫಾನನಿಗೆ ಫೋನು ಮಾಡಿದೆ. ಅವನು ವಯಸ್ಸು ಕೇಳಿದ, ಬಿದ್ದರೋ ಎತ್ತಿದರೋ ಕೇಳಿದ, ಮಲಗಿದರೂ ನೋವಿದೆಯೋ ಕೇಳಿದ. ಒದೆಯಬೇಡಿ, ನಾನೂ ಒತ್ತುವುದಿಲ್ಲ, ಮೊದಲು ಎಕ್ಸರೇ ಆಗಲಿ ಅಂದ. ಆ ವಯಸ್ಸಿನ ಹೆಣ್ಣುಮಕ್ಕಳ ಮೂಳೆ ಒಳಗೊಳಗೇ ಸವೆದಿರುತ್ತದೆ ಎಂದ.

ಮರುದಿನ ಬೆಳಗಿನ ಬಸ್ಸಿಗೆ ಗಂಡಹೆಂಡತಿ ಕಮಲಾಪುರಕ್ಕೆ ಹೋದೆವು. ಅತ್ತೆ ಪಡಸಾಲೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ಸೆರಗು ಎಳೆದುಕೊಳ್ಳಲು ಕೈ ಎತ್ತಿದರು, ಕೈ ಮೇಲೆ ಬರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಡುವೆ ಮಗಳನ್ನು ಇಟ್ಟುಕೊಳ್ಳದೆ ನನಗೇ ಹೇಳಿದರು.

"ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ತಡೀಲಾಕ ಆಗವಲ್ದು."

ಮೊದಲು ಎಕ್ಸರೇ ಫೋಟೋ, ಆಮೇಲೆ ಕಾಲು ಎಂದು ನಾನು ಕರಾರು ಹಾಕಿದೆ. ಫೋಟೋ ತೆಗೆಸಿದರೆ ಕೊಯ್ಯುವುದಿಲ್ಲವೆಂದು ನನ್ನ ಮಾತು, ತೆಗೆಸಿಕೊಂಡ ಮೇಲೆ ಕಾಲು ತಪ್ಪಿಸಬಾರದೆಂದು ಅವರ ಮಾತು. ಸೌದಾ ಕುದುರಿತು. ತೊಗರಿ ವ್ಯಾಪಾರಿಯ ಹೆಂಡತಿ, ಮಾತು ಪಕ್ಕಾ ಆಗುವವರೆಗೂ ಹೊರಡಲು ಒಪ್ಪಲಿಲ್ಲ.

ಬಸವರಾಜನ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಕಲಬುರಗಿಗೆ ಕರೆತಂದೆವು. ರಸ್ತೆಯ ಒಂದೊಂದು ಉಬ್ಬಿಗೂ ಅತ್ತೆ ಬಾಯಲ್ಲಿ ಸೆರಗು ಕಚ್ಚಿಕೊಳ್ಳುತ್ತಿದ್ದರು. ಎಕ್ಸರೇ ತೆಗೆಸಿ ಸ್ಟೇಶನ್ ಬಜಾರದ ಮಹಡಿ ಹತ್ತಿ ಇರ್ಫಾನನ ಕೈಗೆ ಕೊಟ್ಟೆ. ಅವನು ಕಿಟಕಿಯ ಬೆಳಕಿಗೆ ಹಿಡಿದ. ಮಣಿಗಳೆಲ್ಲ ಒಂದರ ಮೇಲೊಂದು ಚೌಕವಾಗಿ ಕೂತಿದ್ದವು. ನಡುವೆ ಒಂದು ಮಾತ್ರ ಮುಂಬದಿ ಕುಸಿದು, ಯಾರೋ ಮೇಲೆ ಕೂತ ಬೆಲ್ಲದ ಅಚ್ಚಿನ ಹಾಗೆ ಓರೆಯಾಗಿತ್ತು. ಅವನು ಬಹಳ ಹೊತ್ತು ನೋಡಿದ.

"ಇದಕ್ಕ ನನ್ನ ಕೈನೂ ಬ್ಯಾಡ, ನಿಮ್ಮ ಕಾಲೂ ಬ್ಯಾಡ್ರಿ ಸರ್. ಮಣಿ ಮುರದದ. ಒಂದು ಪೆಟ್ಟು ನರಕ್ಕ ಬಿದ್ದಿದ್ರ ಎರಡೂ ಕಾಲು ಹೋಗ್ತಿದ್ವು."

ನನ್ನ ಬಲಗಾಲು ತಣ್ಣಗಾಯಿತು. ಚಾಂದಸಾಬನಿಗೆ, ಹೆಡ್‌ಮಾಸ್ತರರಿಗೆ, ಹೊಸ್ತಿಲ ಮುಂದೆ ನಿಂತ ಅಷ್ಟೂ ಜನಕ್ಕೆ ಯಾವ ಫೋಟೋ ನೋಡಿ ಒದ್ದಿದ್ದೆ ನಾನು? ಯಾರಿಗೂ ಏನೂ ಆಗಲಿಲ್ಲವೆಂದುಕೊಂಡಿದ್ದೇನೆ, ನೋಡಿದವರು ಯಾರು? ಇರ್ಫಾನನಿಗೆ ನಾನು ಅಷ್ಟು ಪ್ರಶ್ನೆ ಕೇಳಿದ್ದೆ. ಅವನ ವಿದ್ಯೆಯ ಮುಖ್ಯ ಭಾಗ ಯಾರನ್ನು ಮುಟ್ಟಬಾರದು ಎಂದು ತಿಳಿಯುವುದು ಎಂಬುದನ್ನು ಮಾತ್ರ ಕೇಳಿರಲಿಲ್ಲ. ಅವನೇ ತನ್ನ ಗುರುತಿನ ಮೂಳೆ ಡಾಕ್ಟರಲ್ಲಿಗೆ ಕಳಿಸಿದ. ಅವರು ಕೊಯ್ಯಲಿಲ್ಲ. ಬೆಲ್ಟು ಕಟ್ಟಿ, ಗುಳಿಗೆ ಕೊಟ್ಟು, ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದರು. ಅಲ್ಲಿಯವರೆಗೆ ವಿಶ್ರಾಂತಿ.

ಕೂಡಿಕೊಂಡಿತು. ಡಾಕ್ಟರು ಮತ್ತೊಂದು ಫೋಟೋ ನೋಡಿ, ಇನ್ನು ನಡೆಯಲು ಶುರು ಮಾಡಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿಯಾಗುತ್ತದೆ ಎಂದು ಖಡಾಖಂಡಿತ ಹೇಳಿದರು. ಆದರೆ ಅತ್ತೆ ಮಂಚ ಬಿಟ್ಟು ಏಳಲಿಲ್ಲ. ಬಸವರಾಜ ಹೇಳಿದ, ಅವನ ಹೆಂಡತಿ ಹೇಳಿದಳು, ಮೊಮ್ಮಕ್ಕಳು ಕೈ ಹಿಡಿದು ಎಳೆದವು. ಕೂತರೆ ಕೂತರು, ನಿಲ್ಲುವುದೆಂದರೆ ಮೈಯೆಲ್ಲ ನಡುಗಿಸಿಕೊಂಡು ಮತ್ತೆ ಮಲಗಿಬಿಡುವರು. ಮಾಸ್ತರರು ಮಾತು ಕೊಟ್ಟಿದ್ದಾರೆ, ಅದು ಆಗದ ಹೊರತು ಕಾಲೂರುವುದಿಲ್ಲವೆಂದು ಹಟ ಹಿಡಿದರು. ಮಹಾದೇವಿ ದಿನವೂ ಫೋನಿನಲ್ಲಿ ಬೈದಳು, ಇಟ್ಟ ಮೇಲೆ ಅತ್ತಳು.

ನಾನು ಮತ್ತೆ ಮಹಡಿ ಹತ್ತಿದೆ. ಒದೆಯುವಂತಿಲ್ಲ ಸರಿ, ಮುಟ್ಟಬಹುದೇ ಎಂದು ಇರ್ಫಾನನನ್ನು ಕೇಳಿದೆ. ಅವನು ಮೂಳೆ ಡಾಕ್ಟರಿಗೆ ಫೋನು ಹಚ್ಚಿ ಮಾತಾಡಿದ. ಆಮೇಲೆ, ಮುರಿದ ಜಾಗ ಬಿಟ್ಟು ಮೇಲೆ, ಭಾರ ಹಾಕದೆ, ಬರೀ ಇಡುವುದಾದರೆ ಇಡಬಹುದೆಂದ. ಅದರಿಂದ ಏನಾದರೂ ಗುಣವಿದೆಯೇ ಎಂದು ನಾನು ವಿಜ್ಞಾನ ಮಾಸ್ತರನ ದನಿಯಲ್ಲಿ ಕೇಳಿದೆ. ಅವನು ತಲೆ ಕೆರೆದುಕೊಂಡ.

"ನನ್ನ ಪುಸ್ತಕದಾಗಂತೂ ಬರೆದಿಲ್ರಿ. ಇಟ್ಟು ನೋಡ್ರಿ. ಈ ಸಲ ತಿರುಗಿ ನೋಡ್ರಿ ಮತ್ತ."

ರವಿವಾರ ಬೆಳಿಗ್ಗೆ ಕಮಲಾಪುರದ ಪಡಸಾಲೆ. ಮರ್ಯಾದೆಯ ಪ್ರಶ್ನೆಯಾದ್ದರಿಂದ ಬಸವರಾಜನ ಸಂಸಾರವನ್ನೆಲ್ಲ ತೋಟಕ್ಕೆ ಅಟ್ಟಿಯಾಗಿತ್ತು. ಮಹಾದೇವಿ ನನ್ನನ್ನು ಹಿತ್ತಲಿಗೆ ಕರೆದೊಯ್ದು ಬಲಗಾಲನ್ನು ಸಾಬೂನು ಹಚ್ಚಿ, ಕಲ್ಲಿನಿಂದ ತಿಕ್ಕಿ ತೊಳೆದಳು. ಎಡಗಾಲು ಏನು ಪಾಪ ಮಾಡಿತ್ತು ಎಂದೆ. ನಿಮ್ಮ ಕಾಲಿನ ಮೇಲೆ ಇಷ್ಟು ಕೊಳೆ ಇತ್ತೆಂದು ಗೊತ್ತಿದ್ದರೆ ನಮ್ಮಪ್ಪ ಎಂಜಿನಿಯರನಿಗೇ ಕೊಡುತ್ತಿದ್ದ ಅಂದಳು.

ಅತ್ತೆಯನ್ನು ಮಂಚದ ಅಂಚಿಗೆ, ಗೋಡೆಗೆ ಮುಖ ಮಾಡಿ ಕೂಡಿಸಿದಳು. ಬೆಲ್ಟು ಬಿಚ್ಚಿದಳು. ನಾನು ಕಿಟಕಿಯ ಸರಳು ಹಿಡಿದು, ಒಂಟಿಕಾಲಿನಲ್ಲಿ ನಿಂತು, ಬಲಗಾಲನ್ನು ಮೆಲ್ಲಗೆ ಎತ್ತಿ, ಹೆಬ್ಬೆರಳ ತುದಿಯನ್ನು ಅವರ ಬೆನ್ನಿಗೆ ತಾಗಿಸಿ ತಕ್ಷಣ ತೆಗೆದೆ. ಅತ್ತೆ ಗೋಡೆಯ ಕಡೆಗೇ ಮುಖ ಮಾಡಿ, ಇದು ಒದ್ದದ್ದೋ ನೊಣ ಕೂತದ್ದೋ ಎಂದು ಮಗಳನ್ನು ಕೇಳಿದರು. ಮಹಾದೇವಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಮತ್ತೆ ಕಾಲೆತ್ತಿ, ಈ ಸಲ ಪೂರಾ ಪಾದವನ್ನು ಹೆಗಲಿನ ಎರಡು ರೆಕ್ಕೆಯೆಲುಬುಗಳ ನಡುವೆ ಇಟ್ಟೆ. ಭಾರವೆಲ್ಲ ಎಡಗಾಲಿನ ಮೇಲೆ, ಜೀವವೆಲ್ಲ ಕಿಟಕಿಯ ಸರಳಿನ ಮೇಲೆ. ರವಿಕೆಯ ಬಟ್ಟೆ ತೆಳ್ಳಗಿತ್ತು. ಬೆನ್ನು ಬೆಚ್ಚಗಿತ್ತು. ಎಷ್ಟು ಸಣ್ಣ ಬೆನ್ನು ಅದು! ಉಸಿರು ಏರಿ ಇಳಿಯುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು.

ಸಾಕಾಯಿತೆಂದು ಕಾಲು ತೆಗೆಯಲು ಹೋದೆ.

"ತಗೀಬ್ಯಾಡ್ರಿ," ಅಂದರು ಅತ್ತೆ. ಗೋಡೆಗೇ ಹೇಳುವವರಂತೆ ಮುಂದುವರಿಸಿದರು: "ಮನಿ ತುಂಬ ಮಂದಿ ಅದಾರ. ಊಟಕ್ಕ ಕರೀತಾರ, ಗುಳಿಗಿ ಕೊಡ್ತಾರ, ಎಲ್ಲಾ ಮಾಡ್ತಾರ. ಅವರು ಹೋದಾಗಿಂದ ಬೆನ್ನ ಮ್ಯಾಲೆ ಕೈ ಇಟ್ಟವ್ರು ಯಾರೂ ಇಲ್ರಿ."

ಅವರು ಅಂದರೆ ಮಾವನವರು. ಸರಳು ಹಿಡಿದು ನಿಂತೇ ಇದ್ದೆ. ಎಡಗಾಲು ಜೋಮು ಹಿಡಿಯಿತು. ಮಹಾದೇವಿ ಕೈಯಲ್ಲಿದ್ದ ಬೆಲ್ಟನ್ನು ಮಂಚದ ಮೇಲೆ ಹಾಕಿ, ತಾಯಿಯ ಪಕ್ಕದಲ್ಲಿ ಕೂತು, ನನ್ನ ಪಾದದ ಪಕ್ಕದಲ್ಲಿ ತನ್ನ ಅಂಗೈ ಇಟ್ಟಳು. ಬೈಯಲಿಲ್ಲ. ಮೆಲ್ಲಗೆ ಮೇಲಿನಿಂದ ಕೆಳಗೆ ಸವರತೊಡಗಿದಳು. ಅತ್ತೆಯ ಉಸಿರು ಒಮ್ಮೆ ತಡವರಿಸಿ, ಆಮೇಲೆ ಉದ್ದವಾಗಿ ಬಂತು.

"ಮಾಸ್ತರ್ರ, ಇನ್ನ ನೀವು ಕಾಲು ತಗೀರಿ," ಅಂದರು.

ಕಾಲು ಕೆಳಗಿಟ್ಟೆ. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದೆ. ಹಿಂದಿನಿಂದ ಅತ್ತೆ ಮಗಳಿಗೆ ಹೇಳಿದ್ದು ಕೇಳಿತು.

"ನೀ ಕೈ ಹಂಗೇ ಇಡು. ಏಳ್ತೀನಿ."